ಹೆಗಲ ಮೇಲಿದ್ದ ಕೈ

ಕಂತು ಏಳು

"ಬೆರಳು ಅಳಿಸಿದ್ದು ನಾನೇ ಸಾರ್," ಎಂದು ಫ್ಲೆಕ್ಸ್ ಅಂಗಡಿಯ ರಾಮು ಒಪ್ಪಿಕೊಂಡ. "ಅದ್ರಲ್ಲೇನ್ ತಪ್ಪದೆ ಯೋಳಿ? ಶ್ರದ್ಧಾಂಜಲಿಗೆ ಅಂತ ಯಾರಾದ್ರೂ ಮುಂಚೇನೇ ಫೋಟೋ ತೆಗ್ಸಿಟ್ಕಂಡಿರ್ತಾರಾ? ಮದ್ವೇಲೋ ಗೃಹಪ್ರವೇಶದಲ್ಲೋ ನಾಕ್ ಜನದ ಜೊತೆ ನಿಂತಿರ್ತಾರೆ. ಅದ್ನೇ ಕತ್ತರ್ಸಿ ಕಳಿಸ್ತಾರೆ. ಹೆಗಲ ಮ್ಯಾಲೆ ಪಕ್ಕದೋನ ಕೈ ಉಳ್ಕಂಡಿರ್ತದೆ. ವಾರಕ್ಕೆ ಹತ್ತು ಕೈ ಉಜ್ಜಾಕ್ತೀನಿ ನಾನು."

ಎಎಸ್‌ಐ ಚಲುವರಾಜು ಪರದೆಯತ್ತ ಬಾಗಿದರು. ಕೆ.ಆರ್. ಪೇಟೆ ಬಸ್ ನಿಲ್ದಾಣದ ಹಿಂದಿನ ಆ ಕಿಷ್ಕಿಂಧೆಯಂಥ ಅಂಗಡಿಯಲ್ಲಿ ಕೂರಲು ಇದ್ದದ್ದು ಒಂದೇ ಪ್ಲಾಸ್ಟಿಕ್ ಸ್ಟೂಲು. ಅದರ ಮೇಲೆ ಕೂತು ಎಡ ಮಂಡಿಯನ್ನು ನೀವಿಕೊಳ್ಳುತ್ತಿದ್ದರು. ಅವರ ನಿವೃತ್ತಿಗೆ ಇನ್ನೂ ನಾಲ್ಕು ತಿಂಗಳಿತ್ತು. ಮಂಡಿ ಮಾತ್ರ ಹೋದ ವರ್ಷವೇ ನಿವೃತ್ತಿ ತೆಗೆದುಕೊಂಡಿತ್ತು.

ಕಂಪ್ಯೂಟರಿನ ಪರದೆಯ ಮೇಲೆ ರಘುನಂದನ್ ನಗುತ್ತಿದ್ದ. ಪಾಂಡವಪುರದಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟುಕೊಂಡು, ನಾಲ್ಕು ತಾಲ್ಲೂಕಿನವರ ಕಷ್ಟವನ್ನೆಲ್ಲ ತನ್ನ ತಲೆಗೆ ಕಟ್ಟಿಕೊಂಡಿದ್ದ ಆ ಮನುಷ್ಯನ ಹೆಣ ಶ್ರೀರಂಗಪಟ್ಟಣದ ಕಡೆಯ ನಾಲೆಯ ತೂಬಿಗೆ ಸಿಕ್ಕಿಕೊಂಡಿತ್ತು. ಇವತ್ತಿಗೆ ಅವನ ಹನ್ನೊಂದನೇ ದಿನ. ಬಿದ್ದನೋ, ಹಾರಿದನೋ, ಯಾರಾದರೂ ತಳ್ಳಿದರೋ ಎಂಬುದು ಚಲುವರಾಜು ಅವರಿಗೆ ಇನ್ನೂ ಗೊತ್ತಾಗಿರಲಿಲ್ಲ.

"ಮತ್ತೆ ಹುಟ್ಟಿ ಬಾ ಗೆಳೆಯ" ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಕೆಳಗೆ ಕಾಲೇಜಿನ ಹಳೆಯ ವಿದ್ಯಾರ್ಥಿಗಳ ಸಂಘದ ಮೂವತ್ತೆರಡು ಜನರ ಪುಟ್ಟ ಪುಟ್ಟ ಮುಖಗಳು. ದುಃಖದಲ್ಲೂ ಹಿರಿತನ ತಪ್ಪಬಾರದಲ್ಲ, ಅಧ್ಯಕ್ಷ ಧರ್ಮೇಂದ್ರನ ಮುಖ ಉಳಿದವರದಕ್ಕಿಂತ ಎರಡು ಪಟ್ಟು ದೊಡ್ಡದಿತ್ತು.

ರಘು ಬಿಸಿಲಿಗೆ ಅಡ್ಡವಾಗಿ ಹಣೆಗೆ ಒಂದು ಕೈ ಹಿಡಿದಿದ್ದ. ನೋಡಿದವರಿಗೆ ಸೆಲ್ಯೂಟ್ ಹೊಡೆದಂತೆ ಕಾಣುತ್ತಿತ್ತು. ನಿನ್ನೆ ಸಂಜೆ ಶ್ರೀರಂಗಪಟ್ಟಣದ ಬಸ್ ನಿಲ್ದಾಣದಲ್ಲಿ ಟೀ ಕುಡಿಯುತ್ತ ನಿಂತಿದ್ದಾಗ ಚಲುವರಾಜು ಈ ಫ್ಲೆಕ್ಸನ್ನು ಹತ್ತನೇ ಸಲವೋ ಏನೋ ನೋಡಿದ್ದರು. ಆಗಲೇ ಹೆಗಲ ಮೇಲೆ ಇಸ್ತ್ರಿ ಸುಟ್ಟಂಥ ಕಲೆ ಕಣ್ಣಿಗೆ ಬಿದ್ದದ್ದು. ಬೆಳಗಿನ ಮೊದಲ ಬಸ್ಸಿಗೇ ಇಲ್ಲಿಗೆ ಬಂದಿದ್ದರು.

"ಈ ಫೋಟೋ ಕೊಟ್ಟೋರ್ ಯಾರ್ಲಾ?"

"ಧರ್ಮೇಂದ್ರಣ್ಣ. ಹೆಣ ಸಿಕ್ಕಿದ್ ದಿನ ಮಧ್ಯಾಹ್ನವೇ ವಾಟ್ಸಪ್ ಮಾಡಿದ್ರು. ಪಕ್ಕದೋನ್ನ ಅವ್ರೇ ಕತ್ತರ್ಸಿದ್ರು. ಬೆರಳು ಮಾತ್ರ ಉಳ್ಕಂಡಿತ್ತು."

"ಗಂಡಸಿನ ಬೆರಳಾ, ಹೆಂಗಸಿನ ಬೆರಳಾ?"

ರಾಮು ತಲೆ ಕೆರೆದುಕೊಂಡ. "ದಪ್ಪಕಿತ್ತು ಸಾರ್. ಗಂಡಸಿಂದೇ ಇರ್ಬೇಕು. ಅಷ್ಟೆಲ್ಲ ಯಾರ್ ನೋಡ್ತಾರೆ? ನಾಕ್ ಊರಿಗೆ ಹನ್ನೆರಡು ಫ್ಲೆಕ್ಸು, ಸಂಜೆ ಒಳ್ಗೆ ಬೇಕು ಅಂದ್ರು. ಊಟಾನೂ ಮಾಡ್ದೆ ಕೂತಿದ್ದೆ."

"ಮೊಣಕೈ ಅತ್ರ ದೊಡ್ದು ಮಾಡು ನೋಡಣ."

ರಾಮು ಮೌಸ್ ಉರುಳಿಸಿದ. ಹಣೆಗೆ ಹಿಡಿದಿದ್ದ ಕೈಯ ಮೊಣಕೈ ಮಡಿಕೆ ಪರದೆಯ ತುಂಬ ಬಂತು. ಅಲ್ಲಿ ಒಂದು ಚೂರು ಹತ್ತಿ, ಅದರ ಮೇಲೆ ನೀಲಿ ಬಣ್ಣದ ಪಟ್ಟಿ ಅಂಟಿಸಿತ್ತು.

"ಅದ್ನೂ ಅಳ್ಸಣ ಅಂತಿದ್ದೆ," ಎಂದ ರಾಮು ತಪ್ಪು ಮಾಡಿದವನಂತೆ. "ಪುರ್ಸೊತ್ತಾಗ್ಲಿಲ್ಲ."

"ಒಳ್ಳೇದಾಯ್ತು ಬುಡು," ಎಂದು ಚಲುವರಾಜು ಗೋಡೆ ಹಿಡಿದುಕೊಂಡು ಎದ್ದರು. ಪರದೆಯನ್ನು ತಮ್ಮ ಮೊಬೈಲಿನಲ್ಲಿ ಸೆರೆಹಿಡಿದುಕೊಂಡು ಹೊರಗೆ ಬಂದರು.

*

ಬಸ್ಸು ಹತ್ತುವಷ್ಟರಲ್ಲಿ ಇನ್‌ಸ್ಪೆಕ್ಟರ್ ರವೀಂದ್ರ ಅವರ ಫೋನು ಬಂತು. ಹುಡುಗ ವಯಸ್ಸಿನ ಸಾಹೇಬರು. ಮಾತು ಮೆತ್ತಗೆ, ಗಡುವು ಗಟ್ಟಿ.

"ಚಲುವರಾಜು ಅವರೇ, ಆ ಅಸಹಜ ಸಾವಿನ ಫೈಲು ಸಂಜೆ ಐದಕ್ಕೆ ನನ್ನ ಟೇಬಲ್ ಮೇಲಿರಲಿ. ಗಾಡಿ ಸ್ಟ್ಯಾಂಡ್ ಹಾಕಿದಾನೆ, ಏರಿ ಮೇಲೆ ಚಪ್ಪಲಿ ಜೋಡಿಸಿಟ್ಟಿದಾನೆ. ಕಾಲು ಜಾರಿ ಬೀಳೋನು ಚಪ್ಪಲಿ ಬಿಟ್ಟು ಬೀಳ್ತಾನಾ? ಆತ್ಮಹತ್ಯೆ ಅಂತ ಬರೆದು ಮುಗಿಸಿ."

"ಸಂಜೆ ಐದಕ್ಕೆ ತರ್ತೀನಿ ಸಾರ್," ಎಂದರು ಚಲುವರಾಜು. ಏನು ಬರೆದು ತರುತ್ತೇನೆ ಎಂದು ಹೇಳಲಿಲ್ಲ.

ಬರೆಯುವುದು ಸುಲಭವೇ ಇತ್ತು. ಮೂವತ್ತೈದು ವರ್ಷದಲ್ಲಿ ಅಂಥ ವಾಕ್ಯ ಎಷ್ಟು ಬರೆದಿಲ್ಲ? ಅವರ ಕೈ ಕಟ್ಟಿದ್ದು ರಘುವಿನ ಮಗಳು ತನುಶ್ರೀ.

ನಾಲ್ಕು ದಿನದ ಹಿಂದೆ ಆ ಹುಡುಗಿ ಕಾಲೇಜಿನ ಯೂನಿಫಾರ್ಮಿನಲ್ಲಿ ಒಬ್ಬಳೇ ಶ್ರೀರಂಗಪಟ್ಟಣದ ಠಾಣೆಗೆ ಬಂದಿದ್ದಳು. ಅಪ್ಪ ಓದಿದ ಕಾಲೇಜಿನಲ್ಲೇ ಅವಳೂ ಮೊದಲ ವರ್ಷ ಓದುತ್ತಿದ್ದಳು. ಕುರ್ಚಿ ಕೊಟ್ಟರೂ ಕೂರಲಿಲ್ಲ. ಅಪ್ಪ ಕಾಣೆಯಾದ ಬುಧವಾರ ಶ್ರೀರಂಗಪಟ್ಟಣದಲ್ಲಿ ಅವಳ ಮೊದಲ ಕಬಡ್ಡಿ ಪಂದ್ಯವಂತೆ. ಬರುತ್ತೇನೆ ಎಂದು ಅಪ್ಪ ಒಂದು ತಿಂಗಳಿಂದ ಹೇಳುತ್ತಿದ್ದನಂತೆ. ಬೆಳಿಗ್ಗೆ ನಾಗಮಂಗಲದಿಂದ ಯಾರಿಗೋ ರಕ್ತ ಬೇಕೆಂದು ಫೋನು ಬಂತು, ಅವನು ಗಾಡಿ ಹತ್ತಿದ.

"'ಊರೋರ್ಗೆಲ್ಲ ಸಿಕ್ತೀಯ, ನಂಗ್ ಮಾತ್ರ ಸಿಗಲ್ಲ. ಹೋಗು, ತಿರ್ಗಿ ಬರ್ಬೇಡ' ಅಂದ್ಬುಟ್ಟೆ ಸಾರ್," ಎಂದಿದ್ದಳು. "ಅಮ್ಮಂಗೆ ಇದ್ ಗೊತ್ತಿಲ್ಲ. ನಾನಂದಿದ್ದಕ್ಕೇ ಹೋಗ್ಬುಟ್ರಾ? ಹೌದೋ ಅಲ್ವೋ, ಅಷ್ಟ್ ಹೇಳಿ ಸಾಕು."

ಚಲುವರಾಜು ಅವರಿಗೂ ಒಬ್ಬಳು ಮಗಳಿದ್ದಾಳೆ. ಆ ದೌರ್ಬಲ್ಯದಿಂದಲೋ ಏನೋ, ಹನ್ನೊಂದನೇ ದಿನದ ಸಂಜೆಯೊಳಗೆ ಹೇಳುತ್ತೇನೆ ಎಂದು ಮಾತು ಕೊಟ್ಟುಬಿಟ್ಟಿದ್ದರು. ಪೊಲೀಸಿನವನು ಮಾತು ಕೊಡಬಾರದು. ಫೈಲು ಮುಚ್ಚಿದರೆ ಸಾಹೇಬರಿಗೆ ಒಂದು ಕೆಲಸ ಕಡಿಮೆ, ಆದರೆ ಆ ಹುಡುಗಿ ತನ್ನ ನಾಲಿಗೆಯೇ ಅಪ್ಪನನ್ನು ನಾಲೆಗೆ ದೂಡಿತೆಂದು ನಂಬಿಕೊಂಡು ಬದುಕಬೇಕು.

ಬಸ್ಸಿನ ತುಂಬ ಹೆಂಗಸರು. ಹಿಂದಿನ ಸೀಟಿನಲ್ಲಿ ಹೇಗೋ ಜಾಗ ಮಾಡಿಕೊಂಡು, ಫೋಟೋ ತೆಗೆದು ಮತ್ತೆ ನೋಡುತ್ತ ಕೂತರು. ಪಕ್ಕದಲ್ಲಿದ್ದ ಮುದುಕಿ ಕತ್ತು ಉದ್ದ ಮಾಡಿತು.

"ರಘಪ್ಪ ಅಲ್ವಾ ಇದು? ನಾನೂ ಕಾಲೇಜಲ್ಲಿ ಅವ್ನ ನುಡಿನಮನಕ್ಕೇ ಓಯ್ತಾ ಇವ್ನಿ. ಗೋವಿಂದನಳ್ಳಿ ಪುಟ್ಟತಾಯಮ್ಮ ಅಂತಾರೆ ನನ್ನ."

"ಪರಿಚಯ ಹೆಂಗಮ್ಮ?"

"ನನ್ ಸೊಸೆ ಎರಡ್ನೇ ಹೆರಿಗೇಲಿ ರಕ್ತ ಓಗಿ ಕಣ್ ಮುಚ್ಚೋ ಅಂಗಾಗ್ಬುಟ್ಟಿದ್ಲು. ಮೂರ್ ಜನನ್ನ ಬಸ್ಸಲ್ಲಿ ಕೂರುಸ್ಕ ಬಂದ ಕಣಪ್ಪ. ಒಬ್ಬೊಬ್ರೂ ಒಂದೊಂದು ಊರೋರು. ರಕ್ತ ಕೊಟ್ಟು, ಮಗೀನ ನೋಡಿ, ಮುಂದಿನ್ ಬಸ್ಗೆ ಓಗೇಬುಟ್ರು. ಒಂದು ಲೋಟ ಮಜ್ಗೇನೂ ಕುಡೀನಿಲ್ಲ."

ಇದೇ ಕಥೆಯನ್ನು ಚಲುವರಾಜು ಈ ಹತ್ತು ದಿನದಲ್ಲಿ ಬೇರೆ ಬೇರೆ ಬಾಯಲ್ಲಿ ಕೇಳಿದ್ದರು. ರಘುವಿನ ಕೆಲಸದ ರೀತಿಯೇ ಹಾಗೆ. ಯಾರ ರಕ್ತ ಯಾವ ಗುಂಪಿನದು ಎಂಬುದರ ಜೊತೆಗೆ, ಅವರ ಊರಿನಿಂದ ಎಷ್ಟು ಗಂಟೆಗೆ ಬಸ್ಸಿದೆ ಎಂಬುದನ್ನೂ ಬರೆದಿಟ್ಟಿದ್ದ. ಹೇಮಗಿರಿಯ ಕಡೆಯವನು ಒಂಬತ್ತೂಕಾಲಿಗೆ ಹತ್ತಿದರೆ ಹತ್ತೂವರೆಗೆ ತಲುಪುತ್ತಾನೆ, ಬಿಂಡಿಗನವಿಲೆಯವನಿಗೆ ಹನ್ನೊಂದರವರೆಗೆ ಬಸ್ಸಿಲ್ಲ, ಇಂಥವು. ದಾರಿಯಲ್ಲಿ ಸಿಕ್ಕವರನ್ನು ಹೆಸರು ಹಿಡಿದು ಕರೆಯುತ್ತಲೇ ಇರಲಿಲ್ಲವಂತೆ. "ಏನ್ಲಾ ಓ ನೆಗೆಟಿವ್, ಉಂಡ್ಯಾ?" ಎನ್ನುತ್ತಿದ್ದನಂತೆ. ಇಪ್ಪತ್ತೇಳು ವರ್ಷದ ಹಿಂದೆ ರಸಾಯನಶಾಸ್ತ್ರದಲ್ಲಿ ಎರಡು ಸಲ ನಪಾಸಾಗಿ ಡಿಗ್ರಿ ಮುಗಿಸಿದವನು, ಕಾಲೇಜಿನ ಗೇಟಿಗೆ ಬಸ್ಸು ನಿಲ್ಲಿಸಿಕೊಟ್ಟಿದ್ದ. ಪರೀಕ್ಷೆ ಬಿಡಲು ಹೊರಟ ಹೆಣ್ಣುಮಕ್ಕಳ ಮನೆಗೆ ಹಾಲ್ ಟಿಕೆಟ್ ಹಿಡಿದುಕೊಂಡು ಹೋಗಿ ಜಗಲಿಯ ಮೇಲೆ ಕೂತುಬಿಡುತ್ತಿದ್ದ.

"ಆದ್ರೂ ಇವ್ನ್ ಫೋಟೋ ಯಾರಿಗ್ ಸಿಕ್ತು?" ಪುಟ್ಟತಾಯಮ್ಮನಿಗೆ ಆಶ್ಚರ್ಯ. "ಮಗೀನ್ ನಾಮಕರಣಕ್ಕೆ ಕರುದ್ರೆ ಬಂದ. ಫೋಟೋಕ್ ನಿಂತ್ಕಳಪ್ಪ ಅಂದ್ರೆ ಕೈ ಒದರ್ಕಂಡ್ ಓಡೋದ. ಇದ್ರಲ್ಲಿ ನೋಡು, ಎಂಗ್ ನಗ್ತಾವ್ನೆ!"

ಚಿನಕುರಳಿ ದಾಟಿದ ಮೇಲೆ ಸಿಗ್ನಲ್ ಸಿಕ್ಕಿತು. ನಾಗಮಂಗಲದ ರಕ್ತಸಂಗ್ರಹ ಕೇಂದ್ರದ ನರ್ಸ್ ವೀಣ ಮೊದಲ ರಿಂಗಿಗೇ ಎತ್ತಿಕೊಂಡಳು. ಆ ಬುಧವಾರ ಮಧ್ಯಾಹ್ನ ಒಂದೂವರೆಗೆ ರಘು ರಕ್ತ ಕೊಟ್ಟದ್ದು ಅವಳ ಮುಂದೆಯೇ. ಅಲ್ಲಿಂದ ಹೊರಟವನನ್ನು ಆಮೇಲೆ ಯಾರೂ ನೋಡಿಲ್ಲ ಎಂಬುದು ಈವರೆಗಿನ ಎಲ್ಲ ಹೇಳಿಕೆಗಳ ಸಾರ. ಅವನ ಫೋನಿನ ಕರೆಗಳ ಪಟ್ಟಿ ಇನ್ನೂ ಠಾಣೆಗೆ ಬಂದಿರಲಿಲ್ಲ.

"ತಾಯೀ, ರಕ್ತ ತಗಂಡ್ ಮೇಲೆ ಕೈಗೆ ಏನ್ ಅಂಟಿಸ್ತೀರಿ?"

"ಹತ್ತಿ ಇಟ್ಟು ಬಿಳೀ ಟೇಪು ಸಾರ್. ಯಾಕೆ?"

"ನೀಲಿ ಟೇಪು ಇರ್ತದಾ?"

"ಅವತ್ತು ಒಂದಿನ ಇತ್ತು. ಬಿಳೀದು ಮುಗ್ದೋಗಿತ್ತು. ಮಕ್ಕಳ ವಾರ್ಡಿಂದ ನೀಲಿದು ತಂದು ಹಾಕ್ದೆ. 'ಇದೇನಮ್ಮಾ, ನಂಗೂ ಬಣ್ಣದ ಪಟ್ಟಿನಾ' ಅಂತ ನಕ್ರು ಸಾರ್. ಮಾರನೇ ದಿನ ಬೆಳಿಗ್ಗೆನೇ ಬಿಳೀದು ಬಂತು."

ಚಲುವರಾಜು ಕಣ್ಣು ಮುಚ್ಚಿಕೊಂಡರು. ಹಾಗಾದರೆ ಫೋಟೋ ಅದೇ ದಿನದ್ದು. ಮುಖಕ್ಕೆ ನೇರ ಬಿಸಿಲು ಹೊಡೆಯಬೇಕಾದರೆ ಹೊತ್ತು ಇಳಿದಿರಬೇಕು. ಸಂಜೆ ಐದೋ ಐದೂವರೆಯೋ. ಆ ಹೊತ್ತಿನಲ್ಲಿ ರಘುವಿನ ಹೆಗಲ ಮೇಲೆ ಒಬ್ಬನ ಕೈ ಇತ್ತು.

"ಸಾರ್, ಇನ್ನೊಂದ್ ಮಾತು," ವೀಣಳ ದನಿ ತಗ್ಗಿತು. "ಯಾರ್ಗೂ ಹೇಳ್ಬೇಡಮ್ಮ ಅಂದಿದ್ರು. ಅದಕ್ಕೇ ಬಾಯ್ ಬಿಟ್ಟಿರ್ಲಿಲ್ಲ. ಅವತ್ತು ಹಳೇ ಕ್ಯಾಂಪ್‌ಗಳ ರಿಜಿಸ್ಟ್ರೆಲ್ಲ ತೆಗ್ಸಿ ಒಂದೇ ಹೆಸ್ರು ಹುಡುಕ್ಸಿದ್ರು. ಅವ್ರ ಸಂಘದ ಅಧ್ಯಕ್ಷ ಧರ್ಮೇಂದ್ರ ಎಷ್ಟ್ ಸಲ ರಕ್ತ ಕೊಟ್ಟವ್ರೆ ನೋಡು ಅಂತ."

"ಎಷ್ಟು ಸಲ?"

"ಒಂದ್ ಸಲಾನೂ ಇಲ್ಲ. ಮಂಚದ ಮೇಲೆ ಮಲಗಿ ಫೋಟೋ ತೆಗ್ಸ್ಕೊಳ್ಳೋರು. ಸೂಜಿ ಹಿಡ್ಕೊಂಡ್ ಹತ್ರ ಹೋದ್ರೆ ಏನೋ ಫೋನ್ ಬಂತು ಅಂತ ಎದ್ ಹೋಗೋರು. ಬಿ ನೆಗೆಟಿವ್ ಸಾರ್ ಅವ್ರದು. ಹೋದ್ ತಿಂಗ್ಳು ಬಿಂಡಿಗನವಿಲೆಯ ಒಬ್ಬ ಹೆಂಗ್ಸಿಗೆ ಬೇಕಾಗಿದ್ದೂ ಅದೇ. 'ಹೊರಟೆ, ದಾರೀಲಿದೀನಿ' ಅಂದವ್ರು ಬರ್ಲೇ ಇಲ್ಲ. ಇನ್ನೊಬ್ರು ಬರೋ ಅಷ್ಟ್ರಲ್ಲಿ ಆಯಮ್ಮ ತೀರ್ಕೊಂಡ್ರು."

*

ಪಾಂಡವಪುರದ ಕಾಲೇಜಿನ ಸಭಾಂಗಣ ತುಂಬಿ, ಜನ ಕಿಟಕಿಗಳ ಹೊರಗೂ ನಿಂತಿದ್ದರು. ನುಡಿನಮನ ಶುರುವಾಗಿ ಒಂದು ಗಂಟೆಯಾಗಿತ್ತು. ವೇದಿಕೆಯ ಮೇಲೆ ಹಾರ ಹಾಕಿದ ದೊಡ್ಡ ಫೋಟೋ. ಅದೇ ನಗು, ಅದೇ ಕೈ, ಹೆಗಲ ಮೇಲೆ ಅದೇ ಕಲೆ.

ಮುಂದಿನ ಸಾಲಿನಲ್ಲಿ ರಘುವಿನ ಹೆಂಡತಿ ಹೇಮಶ್ರೀ ಸೆರಗು ಹೊದ್ದು ಕೂತಿದ್ದಳು. ಅಳು ಮುಗಿದುಹೋದವರ ಮುಖ. ಪಕ್ಕದಲ್ಲಿ ತನುಶ್ರೀ ಒಂದು ಕಾಗದ ಹಿಡಿದುಕೊಂಡಿದ್ದಳು. ಚಲುವರಾಜು ಅವರನ್ನು ಕಂಡವಳೇ ಅರ್ಧ ಎದ್ದಳು. ಅವರು ಕೈಯಲ್ಲೇ ತಡಿ ಎಂದು ಸನ್ನೆ ಮಾಡಿ, ವೇದಿಕೆಯ ಪಕ್ಕ ನಿಂತಿದ್ದ ಧರ್ಮೇಂದ್ರನ ಬಳಿ ಹೋದರು.

ಧರ್ಮೇಂದ್ರ ಪಾಂಡವಪುರದಲ್ಲಿ ಬಿತ್ತನೆಬೀಜ, ಗೊಬ್ಬರದ ಅಂಗಡಿ ನಡೆಸುವವನು. ಆರಡಿ ಆಳು, ಬಿಳಿ ಅಂಗಿ, ದಪ್ಪ ಬೆರಳುಗಳು.

"ಎರಡ್ ನಿಮಿಷ ಬನ್ನಿ."

"ಕಾರ್ಯಕ್ರಮ ನಡೀತಾ ಅದಲ್ಲ ಸಾರ್. ಮುಗೀಲಿ."

"ಇಲ್ಲೇ ಕೇಳ್ಲಾ?"

ಅವನು ಹಿಂದೆ ಬಂದ. ಸಭಾಂಗಣದ ಬೆನ್ನಿಗೇ ರಸಾಯನಶಾಸ್ತ್ರದ ಲ್ಯಾಬು. ಬಾಗಿಲು ತೆರೆದಿತ್ತು, ಒಳಗೆ ಮೂಗು ಉರಿಸುವ ವಾಸನೆ. ಚಲುವರಾಜು ಸ್ಟೂಲೊಂದನ್ನು ಎಳೆದುಕೊಂಡು ಕೂತರು. ಮಂಡಿ ಸುಸ್ತಾಗಿತ್ತು. ಮನಸ್ಸೂ ಸುಸ್ತಾಗಿತ್ತು. ತಪ್ಪಿತಸ್ಥನನ್ನು ಹಿಡಿಯುವ ಹುರುಪು ಅವರಲ್ಲಿ ಬತ್ತಿ ಎಷ್ಟೋ ಕಾಲವಾಗಿತ್ತು. ಉಳಿದದ್ದು ಕೆಲಸ ಮುಗಿಸಬೇಕೆಂಬ ಹಟ ಮಾತ್ರ.

"ಆ ಬುಧವಾರ ರಘೂನ ನೋಡಿದ್ರಾ?"

"ಇಲ್ಲ ಅಂತ ಸ್ಟೇಟ್‌ಮೆಂಟಲ್ಲೇ ಬರ್ಸಿದೀನಲ್ಲ ಸಾರ್. ಅಂಗ್ಡೀಲೇ ಇದ್ದೆ."

ಚಲುವರಾಜು ಮೊಬೈಲ್ ಮುಂದೆ ಹಿಡಿದರು. "ಈ ನೀಲಿ ಪಟ್ಟಿ ನಾಗಮಂಗಲದಲ್ಲಿ ಅಂಟ್ಸಿದ್ದು ಆ ಬುಧವಾರ ಮಧ್ಯಾಹ್ನ ಒಂದೂವರೆಗೆ. ಒಂದೇ ದಿನ ಇದ್ದ ಟೇಪು ಅದು. ರಾಮು ಉಜ್ಜಿದ್ ಬೆರಳು ನಿಮ್ದು. ಇಲ್ಲ ಅನ್ಬೇಡಿ, ನಂಗೂ ಆಯಾಸ ಆಗದೆ."

ಧರ್ಮೇಂದ್ರ ಫೋಟೋ ನೋಡಿದ. ಆ ಪಟ್ಟಿಯನ್ನು ಅವನು ಇದೇ ಮೊದಲು ಗಮನಿಸುತ್ತಿದ್ದಾನೆ ಎಂಬುದು ಮುಖದಲ್ಲೇ ಕಾಣುತ್ತಿತ್ತು. ಹನ್ನೆರಡು ಕಡೆ, ಆಳುದ್ದ ಕಟ್ಟಿಸಿ, ದಿನಾ ಅದರ ಮುಂದೆಯೇ ಓಡಾಡಿದ್ದ.

"ಸೂಜಿ ಕಂಡ್ರೆ ಆಗಕಿಲ್ಲ ಸಾರ್ ನಂಗೆ," ಎಂದ ಕೊನೆಗೆ. ಆರಡಿ ದೇಹ ಮೇಜಿಗೆ ಒರಗಿತು. "ಚಿಕ್ಕಂದಿಂದ್ಲೂ ಅಂಗೇ. ಕೈಕಾಲು ತಣ್ಣಗಾಯ್ತವೆ. ಯಾರ್ಗ್ ಯೋಳ್ಕಳದು? ರಕ್ತದಾನ ಮಾಡ್ಸೋ ಸಂಘದ ಅಧ್ಯಕ್ಷ ನಾನು. ಆವತ್ತು ಬಿಂಡಿಗನವಿಲೆಯೋಳ್ಗೆ ಬೇಕು ಅಂದಾಗ ನಿಜ್ವಾಗ್ಲೂ ಒಂಟೆ. ನಾಗಮಂಗ್ಲದ್ ಗಂಟ ಓದೆ. ಆಸ್ಪತ್ರೆ ಗೇಟಲ್ಲಿ ಅರ್ಧ ಗಂಟೆ ನಿಂತೆ. ಒಳೀಕ್ ಓಗಾಕ್ ಆಗ್ಲಿಲ್ಲ."

ಸಭಾಂಗಣದಿಂದ ಯಾರೋ ಮೇಷ್ಟರ ದನಿ ಕೇಳುತ್ತಿತ್ತು. ರಘು ಎರಡು ಸಲ ನಪಾಸಾದದ್ದನ್ನು ಅವರು ತಮಾಷೆ ಮಾಡಿ ಹೇಳುತ್ತಿದ್ದರು. ಜನ ನಗುತ್ತಲೇ ಮೂಗು ಒರೆಸಿಕೊಳ್ಳುತ್ತಿದ್ದರು.

"ರಘೂಗೆ ಗೊತ್ತಾಯ್ತು. ಆಮೇಲೆ?"

"ಆ ಬುಧ್ವಾರ ನಾಕೂವರೆಗೆ ಫೋನ್ ಮಾಡಿ ನಾಲೆ ಏರಿ ಅತ್ರ ಬಾ ಅಂದ. ಉಗೀತಾನೆ ಅನ್ಕಂಡ್ ಓದೆ. ಉಗುದಿದ್ರೆ ಚೆನ್ನಾಗಿರದು ಸಾರ್. ಉಗೀಲಿಲ್ಲ. 'ನಿಂಗ್ ಭಯ ಅಂತ ಮೊದ್ಲೇ ಅಂದಿದ್ರೆ ನಿನ್ನೆಸ್ರೇ ಬರ್ಕತಿರ್ಲಿಲ್ಲ ಕಣ್ಲಾ' ಅಂದ. 'ನಾಳೆ ಬಿಂಡಿಗನವಿಲೆಗೆ ಓಗವ. ಅವಳ ಗಂಡನ್ ಮುಂದೆ ಕೂತು ನಿಜ ಯೋಳ್ಬುಡು. ನಾನೂ ಜೊತೇಲ್ ಬತ್ತೀನಿ' ಅಂದ."

"ಅದಕ್ಕೇ ತಳ್ಳುದ್ರಾ?"

"ಅಯ್ಯೋ ಸಾರ್!" ಧರ್ಮೇಂದ್ರ ನಿಜವಾಗಿಯೂ ಹೌಹಾರಿದ. "ಅವ್ನು ನನ್ನ ಜೀವ ಸಾರ್. ನಾಳೆ ಅಂದ್ನಲ್ಲ, ಆ ನಾಳೆ ಹೆಣ ಬಂತು. ಯಾರ್ಗೂ ಯೋಳ್ದೆ ಇನ್ನೂ ನುಂಗ್ಕಂಡಿವ್ನಿ. ಅನ್ನ ಇಳೀತಿಲ್ಲ."

ಚಲುವರಾಜು ಅವನ ಮುಖವನ್ನೇ ನೋಡಿದರು. ಸುಳ್ಳು ಹೇಳುವವರು ಸಾಮಾನ್ಯವಾಗಿ ತಮ್ಮನ್ನು ಇಷ್ಟು ಸಣ್ಣವರಾಗಿ ತೋರಿಸಿಕೊಳ್ಳುವುದಿಲ್ಲ. ಆದರೂ ಒಂದು ಮಾತು ಅವರಿಗೆ ಒಗ್ಗಲಿಲ್ಲ.

"ಅಷ್ಟೊಂದು ಮುಚ್ಚಿಡೋನು, ಆ ದಿನದ ಫೋಟೋನೇ ಯಾಕಯ್ಯ ಫ್ಲೆಕ್ಸಿಗೆ ಕೊಟ್ಟೆ?"

ಧರ್ಮೇಂದ್ರನ ಕಣ್ಣು ತುಂಬಿ ಬಂತು. "ಬೇರೆ ಇರ್ಲಿಲ್ಲ ಸಾರ್. ಮೂವತ್ತು ವರ್ಷದ್ ಸ್ನೇಹ. ಫೋನ್ ಪೂರ್ತಿ ಉಡುಕ್ದೆ. ಎಲ್ಲಾದ್ರಲ್ಲೂ ಅವ್ನು ಬೆನ್ ಮಾಡ್ಕಂಡವ್ನೆ, ಇಲ್ಲ ಬೆಂಚ್ ಎತ್ತಾ ಅವ್ನೆ, ಇಲ್ಲ ನಮ್ಮನ್ನೆಲ್ಲ ಸಾಲಾಗ್ ನಿಲ್ಸಿ ತಾನೇ ಫೋಟೋ ತಗೀತಾ ಅವ್ನೆ. ಮಖ ಎತ್ತಿ ನಕ್ಕಿರೋದು ಅಂತ ಇದ್ದಿದ್ದು ಇದೊಂದೇ. ಸತ್ತಾಗ್ಲಾದ್ರೂ ನಾಕ್ ಜನ ಅವ್ನ ಮಖ ನೋಡ್ಲಿ ಅನ್ಕಂಡೆ."

ಪ್ರೀತಿಗೇ ಸಿಕ್ಕಿಬಿದ್ದವನ ಮೇಲೆ ಸಿಟ್ಟು ಮಾಡುವುದು ಹೇಗೆ? ಚಲುವರಾಜು ಅವರಿಗೆ ಒಳಗೊಳಗೆ ಹಗುರವೂ ಆಯಿತು. ನಾಳೆ ಬಿಂಡಿಗನವಿಲೆಗೆ ಹೋಗೋಣ ಎಂದವನು ಸಾಯಲು ಹೊರಟವನಲ್ಲ. ತನುಶ್ರೀಗೆ ಇಷ್ಟು ಹೇಳಿದರೂ ಸಾಕು. ಆ ಹುಡುಗಿ ಇವತ್ತು ಎರಡು ತುತ್ತು ಉಣ್ಣುತ್ತಾಳೆ.

"ಕತ್ತರ್ಸದೇ ಇರೋ ಫೋಟೋ ಅದೆಯಾ?"

ಧರ್ಮೇಂದ್ರ ತನ್ನ ಫೋನು ತೆಗೆದು, ಎಲ್ಲೋ ಒಳಗೆ ಬಚ್ಚಿಟ್ಟಿದ್ದ ಚಿತ್ರವನ್ನು ಹುಡುಕಿ ಕೊಟ್ಟ. ಬುಧವಾರ, ಸಂಜೆ ಐದು ಗಂಟೆ ನಲವತ್ತೊಂದು ನಿಮಿಷ ಎಂದು ಮೇಲೆ ತೋರಿಸುತ್ತಿತ್ತು. ಹಿಂದೆ ತುಂಬಿ ಹರಿಯುವ ನಾಲೆ. ರಘುವಿನ ಒಂದು ಕೈ ಹಣೆಗೆ, ಇನ್ನೊಂದರಲ್ಲಿ ಗಾಡಿಯ ಕೀ. ಪಕ್ಕದಲ್ಲಿ ಧರ್ಮೇಂದ್ರ, ಅತ್ತು ಮುಗಿಸಿದ ಮುಖ. ಒಂದು ಕೈ ಗೆಳೆಯನ ಹೆಗಲ ಮೇಲೆ, ಇನ್ನೊಂದು ಪ್ಯಾಂಟಿನ ಜೇಬಿನಲ್ಲಿ.

ಚಲುವರಾಜು ಕನ್ನಡಕ ಸರಿ ಮಾಡಿಕೊಂಡು ಇನ್ನೊಮ್ಮೆ ನೋಡಿದರು. ಇಬ್ಬರೂ ತಲೆಯಿಂದ ಪಾದದವರೆಗೆ ಕಾಣುತ್ತಿದ್ದರು. ನಾಲ್ಕು ಕೈಗಳೂ ಚಿತ್ರದಲ್ಲೇ ಇದ್ದವು. ಹತ್ತಡಿ ದೂರದಲ್ಲಿ ಯಾರೋ ನಿಂತು ತೆಗೆಯದೆ ಇಂಥ ಫೋಟೋ ಬರುವುದಿಲ್ಲ.

"ಇದ್ನ ತೆಗೆದೋರ್ ಯಾರು?"

ಧರ್ಮೇಂದ್ರ ಫೋನಿಗೆ ಕೈ ಚಾಚಿದ. ಚಲುವರಾಜು ಕೊಡಲಿಲ್ಲ.

"ಯಾರೋ ದಾರೀಲಿ ಓಗೋರು ಸಾರ್."

"ದಾರೀಲಿ ಓಗೋರು ಕೇಳುದ್ರೆ ರಘು ನಿಂತ್ಕತಿದ್ನಾ? ನಾಮಕರಣಕ್ ಕರುದ್ರೂ ಫೋಟೋಕ್ ನಿಲ್ದೆ ಓಡೋದೋನು. ಅವತ್ತು ನಿಂತು, ನಕ್ಕವ್ನೆ."

ಧರ್ಮೇಂದ್ರ ನೆಲ ನೋಡಿದ. ಅವನು ಬೆವರು ಒರೆಸಿಕೊಂಡ ಕರವಸ್ತ್ರ ಒದ್ದೆಯಾಗಿತ್ತು.

"ಅವ್ಳು ಕೇಳುದ್ರೆ ಅವ್ನು ಇಲ್ಲ ಅನ್ನೋನಾ ಸಾರ್?" ಎಂದ ಮೆಲ್ಲಗೆ.

"ಯಾವ್ಳು?"

"ತನು. ಪಂದ್ಯ ಗೆದ್ದು, ಆಟದ್ ಬಟ್ಟೇಲೇ ಬಸ್ಸಿಳ್ದು ಬಂದ್ಲು. ಅವ್ನೇ ಫೋನ್ ಮಾಡಿ ಕರ್ಸಿದ್ದ. ಅಂಕಲ್ ನಿಮ್ ಫೋನ್ ಕೊಡಿ ಅಂದ್ಲು, ನಿಂತ್ಕಳಿ ಅಂದ್ಲು. ಆಮೇಲೆ ನಾನು ಒಂಟೋದೆ. ಸೇತುವೆ ಅತ್ರ ತಿರುಗ್ ನೋಡ್ದಾಗ ಅಪ್ಪ ಮಗಳು ಏರಿ ಮ್ಯಾಲೇ ನಿಂತಿದ್ರು. ಅಷ್ಟೇ ಸಾರ್ ನಂಗೊತ್ತಿರೋದು. ತಾಯಾಣೆ ಅಷ್ಟೇ."

ಪಂದ್ಯ ಮುಗಿದ ಮೇಲೆ ಗೆಳತಿಯ ಮನೆಯಲ್ಲಿದ್ದೆ ಎಂದು ಆ ಹುಡುಗಿ ಹೇಳಿದ್ದಳು. ಚಲುವರಾಜು ಅದನ್ನು ಬರೆದುಕೊಂಡಿದ್ದರು, ಆ ಗೆಳತಿಯನ್ನು ಒಂದು ಮಾತೂ ಕೇಳಿರಲಿಲ್ಲ. ಅಳುವ ಮಗುವನ್ನು ಅನುಮಾನಿಸಲು ಮನಸ್ಸು ಬಂದಿರಲಿಲ್ಲ. ಮೂವತ್ತೈದು ವರ್ಷ ಪೊಲೀಸನಾಗಿದ್ದು, ಕೊನೆಯ ನಾಲ್ಕು ತಿಂಗಳಲ್ಲಿ ಅಪ್ಪನಾಗಿಬಿಟ್ಟಿದ್ದರು.

ಆಗಲೇ ಸಭಾಂಗಣದ ಮೈಕಿನಲ್ಲಿ ಅವಳ ಹೆಸರು ಕರೆದರು. ಒಂದು ನಿಮಿಷ ಬರೀ ಕಾಗದದ ಸದ್ದು. ನಂತರ ಅವಳ ದನಿ ಬಂತು. ನಡುಗುತ್ತಿತ್ತು, ಆದರೆ ಸ್ಪಷ್ಟವಾಗಿತ್ತು.

"ನಮ್ಮಪ್ಪ ನಿಮ್ಮೆಲ್ರಿಗೂ ಸಿಕ್ಕಿದ್ರು. ನಂಗೆ ಕಮ್ಮಿ ಸಿಕ್ಕಿದ್ರು. ಆ ಬುಧವಾರ ಬೆಳಿಗ್ಗೆ ಗಾಡಿ ಹತ್ತಿ ಹೋದ್ರಲ್ಲ, ಅದೇ ಕೊನೆ. ಆಮೇಲೆ ನಾನು ಅಪ್ಪನ್ನ ನೋಡ್ಲೇ ಇಲ್ಲ."

ಸಭಾಂಗಣದಲ್ಲಿ ಹೆಂಗಸರು ಬಿಕ್ಕುವುದು ಲ್ಯಾಬಿನವರೆಗೂ ಕೇಳಿಸಿತು. ಧರ್ಮೇಂದ್ರ ಬಾಗಿಲ ಹಿಂದಿನ ಗೋಡೆಗೆ ಸರಿದು ಕಿವಿ ಮುಚ್ಚಿಕೊಂಡ. ಚಲುವರಾಜು ಫೋನನ್ನು ಹಿಡಿದುಕೊಂಡು ಸ್ಟೂಲಿನ ಮೇಲೆ ಹಾಗೇ ಕೂತಿದ್ದರು. ಈ ಕೇಸು ಯಾರ ಕೈಗಾದರೂ ಹೋಗಲಿ, ತಮಗೆ ಬೇಡ ಎಂದು ಒಂದು ಗಳಿಗೆ ಅನ್ನಿಸಿತು.

ಮಾತು ಮುಗಿಸಿದವಳು ಅಮ್ಮನ ಪಕ್ಕ ಹೋಗಿ ಕೂರಲಿಲ್ಲ. ಪಕ್ಕದ ಬಾಗಿಲಿನಿಂದ ಇಳಿದು, ಓಣಿ ದಾಟಿ, ನೇರ ಲ್ಯಾಬಿಗೇ ಬಂದಳು. ಕಣ್ಣು ಕೆಂಪಾಗಿತ್ತು. ಬಾಗಿಲ ಹಿಂದೆ ನಿಂತಿದ್ದ ಧರ್ಮೇಂದ್ರನನ್ನು ಮೊದಲು ಕಾಣಲಿಲ್ಲ.

"ಸಾರ್, ಇವತ್ ಹೇಳ್ತೀನಿ ಅಂದಿದ್ರಿ," ಎಂದಳು. "ಗೊತ್ತಾಯ್ತಾ? ನಾನಂದಿದ್ದಕ್ಕೇ ಹೋದ್ರಾ?"

ಚಲುವರಾಜು ಫೋನಿನ ಪರದೆಯನ್ನು ನಿಧಾನವಾಗಿ ಅವಳ ಕಡೆಗೆ ತಿರುಗಿಸಿದರು.

ತನುಶ್ರೀ ನೋಡಿದಳು. ಅಳು ಅಲ್ಲಿಗೇ ನಿಂತಿತು. ನೋಟ ಚಿತ್ರದಿಂದ ಬಾಗಿಲ ಹಿಂದಿದ್ದ ಧರ್ಮೇಂದ್ರನ ಮೇಲೆ ಹೊರಳಿತು.

"ಕತ್ತರ್ಸಿದ್ ಮೇಲೆ ಇದ್ನ ಡಿಲೀಟ್ ಮಾಡಿದೀನಿ ಅಂತ ನಂಗೆ ಆಣೆ ಇಟ್ಟಿದ್ರಲ್ಲ ಅಂಕಲ್," ಎಂದಳು.